ಎಡಗೈಗೆ ಸ್ವರ, ಬಲಗೈಗೆ ವ್ಯಂಜನ

ಫೆಬ್ರವರಿ 26, ಸೋಮವಾರ

ಇದನ್ನು ದಿನಚರಿಯ ಆಸೆಯಿಂದ ಬರೆಯುತ್ತಿಲ್ಲ, ಬೆರಳಿಗೆ ಅಭ್ಯಾಸವಾಗಲಿ ಎಂದು ಬರೆಯುತ್ತಿದ್ದೇನೆ. ಕೋರ್ಟಿನ ಹಳೆಯ ಲ್ಯಾಪ್‌ಟಾಪ್‌ಗಳನ್ನೆಲ್ಲ ಇವತ್ತು ಪೆಟ್ಟಿಗೆಗೆ ತುಂಬಿ ಒಯ್ದರು. ಹೊಸದರಲ್ಲಿ ಅಕ್ಷರಗಳ ಜೋಡಣೆಯೇ ಬೇರೆ. ನಾನು ಕಲಿತದ್ದರಲ್ಲಿ ನಮ್ಮ ಬಲ್ಗೇರಿಯನ್ ಅಕ್ಷರಗಳು ಅದೇ ಸದ್ದಿನ ಲ್ಯಾಟಿನ್ ಅಕ್ಷರದ ಮೇಲೆ ಕೂತಿರುತ್ತವೆ. ಇದರಲ್ಲಿ ಟೈಪ್‌ರೈಟರ್ ಕಾಲದ ಸರ್ಕಾರಿ ಜೋಡಣೆ. ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚುಕಡಿಮೆ ಎಲ್ಲ ಬಲಗೈಗೆ. ಬದಲಾಯಿಸಿಕೊಡಿ ಎಂದು ಮೆಷಿನ್ ತಂದವನನ್ನು ಕೇಳಿದೆ.

"ಅದಕ್ಕೆ ಮೇಲಿನವರೇ ಬೀಗ ಹಾಕಿ ಕಳ್ಸಿದಾರೆ ಮೇಡಂ. ಒಂದು ಅರ್ಜಿ ಕೊಡಿ, ಬೇಸಿಗೆ ಹೊತ್ತಿಗೆ ಯಾರಾದ್ರೂ ಓದ್ತಾರೆ."

ಟಚ್‌ಪ್ಯಾಡ್ ಇನ್ನೊಂದು ಕಾಟ. ಹಳೆಯದು ಬೆಂಕಿಪೊಟ್ಟಣದಷ್ಟಿತ್ತು, ಕೆಳಗೆ ಎರಡು ಗುಂಡಿ. ಇದು ಅಂಗೈಯಗಲ, ಗುಂಡಿಯೇ ಇಲ್ಲ. ಸೋಕಿದರೆ ಸಾಕು, ಕರ್ಸರ್ ಹಾರಿ ಇನ್ನೆಲ್ಲೋ ಹೋಗಿ ಕೂರುತ್ತದೆ. ಈ ಹತ್ತು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಹಳೆಯದರಲ್ಲಿ ನಾನು ಬೆರಳನ್ನೂ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಕೋರ್ಟಿನ ಎರಡನೇ ಹಾಲ್‌ನಲ್ಲಿ ಬಾಯಿ ತೆರೆಯುವುದು ನನ್ನ ಕೆಲಸವಲ್ಲ, ತೆರೆಯುವ ಧೈರ್ಯವೂ ಇಲ್ಲ. ಸಾಕ್ಷಿ ಏನೋ ಹೇಳುತ್ತಾರೆ, ನ್ಯಾಯಾಧೀಶೆ ಬಕಾಲೊವಾ ಅದನ್ನು ತೊಳೆದು ಇಸ್ತ್ರಿ ಮಾಡಿ ಉಕ್ತಲೇಖನ ಕೊಡುತ್ತಾರೆ, ನನ್ನ ಕೈ ನಡಾವಳಿಗೆ ಇಳಿಸುತ್ತದೆ. ಆ ಹೊತ್ತಿನಲ್ಲಿ ನಾನು ಜನರನ್ನು ನೋಡುತ್ತಿದ್ದೆ. ಕಳೆದ ವಾರ ಚಾಕು ಹಾಕಿದವನೊಬ್ಬ ಇಡೀ ವಿಚಾರಣೆಯಲ್ಲಿ ತನ್ನ ಬೂಟಿನ ಮೇಲಿನ ಸುಣ್ಣದ ಕಲೆಯನ್ನು ಇನ್ನೊಂದು ಬೂಟಿನಿಂದ ಉಜ್ಜುತ್ತಿದ್ದ. ಸಾಹಿತ್ಯ ಓದಿದ್ದಕ್ಕೆ ಸಿಕ್ಕ ಸಂಬಳ ಎಂದರೆ ಅದೇ ಎಂದುಕೊಳ್ಳುತ್ತಿದ್ದೆ.

ಫೆಬ್ರವರಿ 27, ಮಂಗಳವಾರ

ಒಂದನೇ ಹಾಲ್‌ನ ಟೈಪಿಸ್ಟ್ ಪೆನ್ಕಾ ಅಕ್ಕನಿಗೆ ಈ ಜೋಡಣೆಯೆಂದರೆ ಹಬ್ಬ. ಅವರಿಗೆ ಐವತ್ತೆಂಟು. ಟೈಪ್‌ರೈಟರಿನಲ್ಲಿ ಕಲಿತವರು. ನನ್ನ ಹಿಂದೆ ನಿಂತು ನೋಡಿದರು.

"ಏನೇ ಇದು, ಕೋಳಿ ಕಾಳು ಹೆಕ್ಕಿದ ಹಾಗೆ?"

"ಅಕ್ಷರ ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಅಕ್ಕ."

"ಕೆಳಗೆ ನೋಡಿದ್ರೆ ಯಾವತ್ತೂ ಗೊತ್ತಾಗಲ್ಲ. ನಮ್ಮ ಕಾಲದಲ್ಲಿ ಕಣ್ಣು ಕೆಳಗೆ ಹೋದ್ರೆ ಬೆರಳ ಮೇಲೆ ಸ್ಕೇಲ್ ಬೀಳ್ತಿತ್ತು."

ತಮಾಷೆ ಅಂದುಕೊಂಡೆ. ಮೇಜಿನ ಡ್ರಾಯರಿನಿಂದ ಮರದ ಸ್ಕೇಲು ತೆಗೆದು ಹೊಡೆದೇಬಿಟ್ಟರು. ಎರಡು ಸಲ. ಗಟ್ಟಿಯಾಗಿಯೇ. ಆಮೇಲೆ ಚೀಲದಿಂದ ಚೀಸ್ ತುಂಬಿದ ಬಾನಿತ್ಸಾ ತೆಗೆದು ಅರ್ಧ ಮುರಿದು ನನ್ನ ಬಾಯಿಗೆ ತುರುಕಿದರು.

"ಕಣ್ಣು ಪರದೆ ಮೇಲಿರಬೇಕು. ದಿನಾ ಒಂದು ಪುಟ, ಏನಾದ್ರೂ ಬರಿ. ನಿನ್ ಮದುವೆ ಆಗದ ಕಥೆ ಬರಿ."

ಫೆಬ್ರವರಿ 29, ಗುರುವಾರ

ಅಭ್ಯಾಸಕ್ಕೆಂದು ಮುಂದಿನ ವಾರದ ಕೇಸಿನ ಆರೋಪಪಟ್ಟಿಯನ್ನು ನಕಲು ಮಾಡಿದೆ. ಆರೋಪಿ ಸ್ಪಾಸ್ ಗಾನೆವ್, ಡ್ಯಾನ್ಯೂಬ್ ದಂಡೆಯ ಹಡಗು ರಿಪೇರಿ ಯಾರ್ಡಿನಲ್ಲಿ ವೆಲ್ಡರ್. ನವೆಂಬರಿನಲ್ಲಿ ಹೆಂಡತಿ ಮಿಲ್ಕಾಳ ದವಡೆಯನ್ನು ಎರಡು ಕಡೆ ಮುರಿದಿದ್ದಾನೆ. ಮುಷ್ಟಿಯಿಂದ ಹೊಡೆದ, ಬಾಗಿಲಿಗೆ ತಲೆ ಹಿಡಿದು ಹೊಡೆದ, ಮತ್ತೆ ಹೊಡೆದ. ಒಂದೇ ಪುಟದಲ್ಲಿ ಆ ಪದ ಹನ್ನೊಂದು ಸಲ ಬರುತ್ತದೆ.

"ಹೊಡೆದ" ಎನ್ನುವುದಕ್ಕೆ ನಮ್ಮ ಬಲ್ಗೇರಿಯನ್‌ನಲ್ಲಿ ಐದು ಅಕ್ಷರ. ಹೊಸ ಜೋಡಣೆಯಲ್ಲಿ ಅದು ಹೀಗೆ ಬೀಳುತ್ತದೆ: ಎಡ, ಬಲ, ಎಡ, ಬಲ, ಎಡ. ಎರಡು ಕೈಯೂ ಒಂದರ ಹಿಂದೊಂದು. ನನ್ನ ಬೆರಳು ನೋಡದೆ ಬರೆಯಲು ಕಲಿತ ಮೊದಲ ಪದ ಅದು. ನನ್ನ ಹೆಸರು ಇನ್ನೂ ತಪ್ಪುತ್ತಿದೆ.

ಮಿಲ್ಕಾ ಬಾಯಿ ಬಿಡದಿದ್ದರೆ ಈ ಕೇಸು ನಿಲ್ಲುವುದಿಲ್ಲ ಎಂದರು ಪೆನ್ಕಾ ಅಕ್ಕ. ಗಂಡನ ವಿರುದ್ಧ ಸಾಕ್ಷಿ ಹೇಳೆಂದು ಹೆಂಡತಿಯನ್ನು ಕಾನೂನು ಬಲವಂತ ಮಾಡುವುದಿಲ್ಲ. "ಹೇಳುವುದಿಲ್ಲ" ಎಂದರೆ ಆಯಿತು, ಪೊಲೀಸರ ಮುಂದೆ ಹೇಳಿದ್ದೂ ಓದುವ ಹಾಗಿಲ್ಲ. ಮನೆಯಲ್ಲಿ ಆಗ ಇದ್ದದ್ದು ಅವನ ತಾಯಿ ಒಬ್ಬಳೇ.

"ಹತ್ತರಲ್ಲಿ ಒಂಬತ್ತು ಜನ ಹೇಳಲ್ಲ ಕಣೆ. ಐದು ಸೆಕೆಂಡಿನ ಕೆಲಸ. ಮನೆಗೆ ಹೋಗಿ ಸೂಪ್ ಮಾಡ್ತಾರೆ."

ಮಾರ್ಚ್ 5, ಮಂಗಳವಾರ

ಎಲ್ಲರೆದುರು ಮಾನ ಹೋಯಿತು.

ಮಿಲ್ಕಾಗೆ ಮೂವತ್ತನಾಲ್ಕು. ಈಗ ತನ್ನ ಅಕ್ಕನ ಮನೆಯಲ್ಲಿದ್ದಾಳೆ. ಸಾಕ್ಷಿ ನಿಲ್ಲುವ ಜಾಗ ನನ್ನ ಮೇಜಿನಿಂದ ಮೂರು ಮೀಟರ್. ಅವಳ ಹಿಂದಿನ ಬೆಂಚಿನಲ್ಲಿ ಸ್ಪಾಸ್. ಜಾಕೆಟ್ ಬಿಚ್ಚಿ ಮಡಿಸಿ ಮಂಡಿಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದ.

ಬಕಾಲೊವಾ ಅವಳಿಗೆ ಹೇಳಿದರು: "ನೀವು ಇವರ ಹೆಂಡತಿ. ಸಾಕ್ಷಿ ಹೇಳಲೇಬೇಕು ಅಂತೇನಿಲ್ಲ. ಬೇಡ ಅಂದ್ರೆ ಬೇಡ. ಅರ್ಥ ಆಯ್ತಾ?" ಆಮೇಲೆ ನನ್ನ ಕಡೆ ತಿರುಗಿ ಉಕ್ತಲೇಖನ: "ಸಾಕ್ಷಿಗೆ ನಿರಾಕರಿಸುವ ಹಕ್ಕನ್ನು ತಿಳಿಸಲಾಯಿತು."

ಹಳೆಯ ಮೆಷಿನ್‌ನಲ್ಲಿ ಇದು ಒಂದು ಉಸಿರು. ಇವತ್ತು ಮೊದಲ ಪದದಲ್ಲೇ ಸಿಕ್ಕಿಬಿದ್ದೆ. ಅಳಿಸಿದೆ. ಕರ್ಸರ್ ಮೇಲಕ್ಕೆ ಹಾರಿತು. ಹುಡುಕಿ ತಂದೆ. ಹಾಲ್‌ನಲ್ಲಿ ನನ್ನ ಕೀಲಿಗಳ ಸದ್ದು ಬಿಟ್ಟರೆ ಏನೂ ಇಲ್ಲ, ಅದೂ ಒಂದೊಂದೇ. ನ್ಯಾಯಾಧೀಶರ ಪಕ್ಕ ಕೂತು ತೀರ್ಪಿನಲ್ಲಿ ಪಾಲು ಪಡೆಯುವ ಇಬ್ಬರು ಜನಸದಸ್ಯರಲ್ಲಿ ಒಬ್ಬರಾದ ಕಾನ್ದೇವ್, ನಿವೃತ್ತ ಡ್ರಿಲ್ ಮೇಷ್ಟ್ರು, ಸದ್ದು ನಿಂತದ್ದಕ್ಕೆ ನಿದ್ದೆಯಿಂದ ಎಚ್ಚರವಾದರು. ಸ್ಪಾಸ್ ಒಮ್ಮೆ ಕೆಮ್ಮಿದ. ಮಿಲ್ಕಾಳ ಭುಜ ಮೇಲೆದ್ದು ಕಿವಿಯ ಹತ್ತಿರವೇ ನಿಂತಿತು. ಒಂದು ನಿಮಿಷಕ್ಕೂ ಹೆಚ್ಚಾಗಿರಬೇಕು.

"ಬರೆದಿರಾ?" ಬಕಾಲೊವಾ ಕೇಳಿದರು.

"ಬರೆದೆ," ಎಂದೆ.

"ಸರಿ. ಹೇಳಿ ಮಿಲ್ಕಾ, ಸಾಕ್ಷಿ ಹೇಳ್ತೀರಾ?"

"ಹೇಳ್ತೀನಿ," ಎಂದಳು.

ದವಡೆ ನೆಟ್ಟಗೆ ಕೂಡಿಲ್ಲ, ಮಾತು ಒಂದು ಪಕ್ಕದಿಂದ ಬರುತ್ತದೆ. ಊಟಕ್ಕೆ ಬೀನ್ಸ್ ಸೂಪ್ ಮಾಡಿದ್ದಳಂತೆ. ಉಪ್ಪು ಜಾಸ್ತಿ ಎಂದು ಮೊದಲ ಏಟು. "ಕೈ ಮುಚ್ಚಿ ಹೊಡೆದ. ಆಕ್ರೋಟು ಒಡೆದ ಹಾಗೆ ಸದ್ದಾಯ್ತು, ಒಳಗಿಂದ ಕೇಳಿಸ್ತು, ಕಿವಿಯಿಂದಲ್ಲ. ಆಮೇಲೆ ಕೂದಲು ಹಿಡಿದು ಬಾಗಿಲ ಚೌಕಟ್ಟಿಗೆ. ಬಾಗಿಲು ಹಾಳಾಗುತ್ತೆ ಅಂತ ಅವರಮ್ಮ ಅಂದ್ರು. ಅದಕ್ಕೆ ನೆಲಕ್ಕೆ ಕೆಡವಿದ. ನೆಲಕ್ಕೆ ಬಿದ್ದ ಮೇಲೂ ಒದೀತಾನೇ ಇದ್ದ." ಬಕಾಲೊವಾ ಎಲ್ಲವನ್ನೂ ಚಿಕ್ಕದು ಮಾಡಿ ಹೇಳಿದರು. ಆದರೂ ಪ್ರತಿ ವಾಕ್ಯಕ್ಕೂ ನಾನು ಹಿಂದೆ. ನಾನು ಹಿಂದೆ ಬಿದ್ದಾಗಲೆಲ್ಲ ಅವಳು ಸುಮ್ಮನಿರಲಾರದೆ ಇನ್ನೊಂದು ಹೇಳುತ್ತಿದ್ದಳು. ಹೋದ ವರ್ಷದ್ದು. ಬಸುರಿಯಾಗಿದ್ದಾಗಿನದು.

ಆಮೇಲೆ ಸ್ಪಾಸ್‌ನ ತಾಯಿ ಯೋರ್ದಾನ್ಕಾ. "ಮೆಟ್ಟಿಲ ಮೇಲೆ ಜಾರಿದ್ಲು. ನಾನೇ ನೋಡಿದೀನಿ. ನನ್ ಮಗ ನೊಣಾನೂ ಹೊಡೆಯಲ್ಲ."

ಮಾರ್ಚ್ ಒಂದಕ್ಕೆ ಅಮ್ಮ ಮಣಿಕಟ್ಟಿಗೆ ಕಟ್ಟಿದ ಕೆಂಪು ಬಿಳಿ ಮಾರ್ತೆನಿತ್ಸಾ ದಾರ ಇನ್ನೂ ಇತ್ತು. ಅದರ ಕುಚ್ಚು ಟಚ್‌ಪ್ಯಾಡಿನ ಮೇಲೆ ಎಳೆದಾಡಿ ಕರ್ಸರನ್ನು ಓಡಿಸುತ್ತಿತ್ತು. ವಸಂತದ ಮೊದಲ ಕೊಕ್ಕರೆ ಕಾಣುವವರೆಗೆ ಬಿಚ್ಚಬಾರದು, ಅದಕ್ಕೇ ಅಂಗಿಯ ತೋಳಿನೊಳಗೆ ತುರುಕಿದೆ. ಮತ್ತೆ ಹೊರಗೆ ಬಂತು.

ಹೆಂಗಸರ ಶೌಚಾಲಯದಲ್ಲಿ ಮಿಲ್ಕಾ ಸಿಕ್ಕಳು. ಬಾಯಿ ತೊಳೆಯುತ್ತಿದ್ದಳು. ಕನ್ನಡಿಯಲ್ಲೇ ನನ್ನನ್ನು ನೋಡಿ, "ನೀವು ಬರೆಯೋಕೆ ಅಷ್ಟು ಹೊತ್ತು ತಗೊಂಡ್ರಲ್ಲ. ನಂಗೆ ಬೇಡ ಅನ್ನೋದು ನಾಲಿಗೆ ತುದೀಲಿತ್ತು, ಅಷ್ಟು ಹೊತ್ತಲ್ಲಿ ಒಳಗೆ ಇಳಿದು ಹೋಯ್ತು," ಎಂದಳು. ಕ್ಷಮಿಸಿ ಎಂದು ಹೊರಗೆ ಬಂದೆ. ನನ್ನ ನಿಧಾನ ಸಾಕ್ಷಿಗಳ ಕಣ್ಣಿಗೂ ಬಿತ್ತು.

ಮಾರ್ಚ್ 6, ಬುಧವಾರ

ಮೂರು ಪುಟ ಅಭ್ಯಾಸ. ಬಕಾಲೊವಾ ನಡಾವಳಿಗೆ ಸಹಿ ಹಾಕಿದರು. ಓದಲಿಲ್ಲ. ನಾನೂ ಓದಲಿಲ್ಲ, ನಾಚಿಕೆಯಿಂದ.

ಮಾರ್ಚ್ 12, ಮಂಗಳವಾರ

ಇವತ್ತು ಅಕ್ಷರ ತಪ್ಪಿದರೆ ತಪ್ಪಲಿ.

ಬೆಳಿಗ್ಗೆ ಸ್ಪಾಸ್‌ನ ವಕೀಲ ಚಕಾರೊವ್ ನಡಾವಳಿಯ ಪ್ರತಿ ತೆಗೆದುಕೊಂಡರು. ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಸ್ಪಾಸ್‌ಗೆ ಓದಿ ಹೇಳುತ್ತಿದ್ದರು. ಯೋರ್ದಾನ್ಕಾ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದಳು. ನಾನು ಕಡತ ಹೊತ್ತು ಹೋಗುತ್ತಿದ್ದೆ. ಚಕಾರೊವ್ ಓದಿದ್ದು ಕೇಳಿಸಿತು: "ಸಾಕ್ಷಿ ಯೋರ್ದಾನ್ಕಾ ಗಾನೆವಾ: ಸೊಸೆ ಮೆಟ್ಟಿಲ ಮೇಲೆ ಜಾರಿದಳು. ನೆಲಕ್ಕೆ ಬಿದ್ದ ಮೇಲೂ ಒದೆಯುತ್ತಲೇ ಇದ್ದ."

ಅಲ್ಲೇ ನಿಂತೆ. ಮಿಲ್ಕಾಳ ವಾಕ್ಯ ಮುದುಕಿಯ ಹೇಳಿಕೆಯೊಳಗೆ ಹೋಗಿ ಕೂತಿದೆ. ಯಾವುದೋ ಹೊತ್ತಿನಲ್ಲಿ ತಪ್ಪು ತಿದ್ದಲೆಂದು ಕತ್ತರಿಸಿಟ್ಟ ಸಾಲು. ಕುಚ್ಚು ಸೋಕಿ ಕರ್ಸರ್ ಹಾರಿದಾಗ ಅಲ್ಲಿ ಅಂಟಿಸಿದ್ದೇನೆ.

ಸ್ಪಾಸ್ ತಾಯಿಯ ಮುಂದೆ ಹೋಗಿ ನಿಂತ. "ಏನಮ್ಮಾ ಇದು?"

"ಏನೋ? ನಾನೇನ್ ಹೇಳ್ದೆ?"

"ಒದ್ದ ಅಂದ್ಯಾ? ನನ್ನ ಬಗ್ಗೆ?"

"ಇಲ್ಲ ಮಗಾ, ದೇವರಾಣೆ, ನಾನು ಜಾರಿದ್ಲು ಅಂತ—"

ಕೈ ಮುಚ್ಚಿ ಹೊಡೆದ. ಮುದುಕಿಯ ಕನ್ನಡಕ ನನ್ನ ಬೂಟಿಗೆ ಬಂದು ಬಡಿಯಿತು. ಬೀಜದ ಸಿಪ್ಪೆ ರಕ್ತದೊಂದಿಗೆ ಅವಳ ಗಲ್ಲಕ್ಕೆ ಅಂಟಿತು. ಎರಡನೆಯದಕ್ಕೆ ಕೈ ಎತ್ತಿದಾಗ ಕಾನ್ದೇವ್ ಮೇಷ್ಟ್ರು ಎಲ್ಲಿಂದಲೋ ಬಂದು ಹಿಂದಿನಿಂದ ಹಿಡಿದರು. ಸ್ಪಾಸ್ ನೋಡದೆಯೇ ಮೊಣಕೈ ಹಿಂದಕ್ಕೆ ಬೀಸಿದ. ಮೂಗಿನ ಮೂಳೆ ಮುರಿದ ಸದ್ದು ಕೇಳಿದೆ. ಮಿಲ್ಕಾ ಹೇಳಿದ ಹಾಗೇ ಇತ್ತು, ಆಕ್ರೋಟು. ಕಾವಲಿನವರು ಮೂವರು ಸೇರಿ ಅವನನ್ನು ನೆಲಕ್ಕೆ ಒತ್ತಿದರು. ಒಬ್ಬ ಅವನ ಕಿವಿಯ ಮೇಲೆ ಮಂಡಿಯೂರಿ ಭಾರ ಬಿಟ್ಟ. ಕಲ್ಲಿನ ನೆಲಕ್ಕೆ ಅವನ ಹಲ್ಲು ತಗುಲುತ್ತಿತ್ತು. ಅವನು ಕೂಗುತ್ತಿರಲಿಲ್ಲ. ಆ ಕೋನದಿಂದ ನನ್ನನ್ನೇ ನೋಡುತ್ತಿದ್ದ.

ಯೋರ್ದಾನ್ಕಾ ಎಲ್ಲರಿಗೂ ಹೇಳಿದಳು: "ಕಾಲು ಜಾರಿತು. ಬೆಂಚಿಗೆ ಬಡೀತು."

ಮಾರ್ಚ್ 13, ಬುಧವಾರ

ಬಕಾಲೊವಾ ಕೋಣೆಗೆ ಕರೆದರು. ಬೈಯಲಿಲ್ಲ. ಅದೇ ಕಷ್ಟವಾಯಿತು. ಕಾನ್ದೇವ್ ಈಗ ಪೆಟ್ಟು ತಿಂದವರು, ಈ ಕೇಸಿನಲ್ಲಿ ಕೂರುವಂತಿಲ್ಲ. ಕೂತವರಲ್ಲಿ ಒಬ್ಬರು ಬದಲಾದರೂ ಎಲ್ಲ ಮೊದಲಿನಿಂದ. ಅಲ್ಲಿಯವರೆಗೆ ಹೇಳಿದ್ದು ಹೇಳಿದ ಹಾಗಲ್ಲ. ಏಪ್ರಿಲ್ 16ಕ್ಕೆ ಹೊಸ ದಿನಾಂಕ.

"ಮಿಲ್ಕಾ ಮತ್ತೆ ನಿಂತು ಹೇಳಬೇಕು. ಹೇಳ್ತಾಳೋ ಇಲ್ವೋ," ಎಂದರು. "ನೀವು ಅಷ್ಟರಲ್ಲಿ ಆ ಮೆಷಿನ್ ಕಲಿತುಕೊಳ್ಳಿ ನೆವೆನಾ. ದಯವಿಟ್ಟು."

ಸ್ಪಾಸ್‌ನನ್ನು ಇಪ್ಪತ್ತನಾಲ್ಕು ಗಂಟೆ ಒಳಗಿಟ್ಟು ಬಿಟ್ಟಿದ್ದಾರೆ. ತಾಯಿ ದೂರು ಕೊಟ್ಟಿಲ್ಲ. ಮೇಷ್ಟ್ರ ಮೂಗು ಬೇರೆ ಕೇಸು, ಅದರ ಸರದಿ ಬೇರೆ.

ದಾರ ಕತ್ತರಿಸಿ ಎಸೆದೆ. ಕೊಕ್ಕರೆ ಬಂದಾಗ ಬರಲಿ.

ಮಾರ್ಚ್ 19, ಮಂಗಳವಾರ

ದಿನಕ್ಕೆ ಎರಡು ಗಂಟೆ. ಪೆನ್ಕಾ ಅಕ್ಕನ ಸ್ಕೇಲನ್ನು ಮನೆಗೆ ತಂದಿದ್ದೇನೆ. ಕಣ್ಣು ಕೆಳಗೆ ಹೋದರೆ ಎಡಗೈಯಿಂದ ಬಲಗೈಗೆ ಏಟು, ಬಲಗೈಯಿಂದ ಎಡಗೈಗೆ. ತೋರುಬೆರಳಿನ ಗೆಣ್ಣು ಒಡೆದು ಸ್ವಲ್ಪ ರಕ್ತ ಬಂತು. ಬ್ಯಾಂಡೇಜು ಸುತ್ತಿದರೆ ಕೀಲಿ ತಿಳಿಯುವುದಿಲ್ಲ, ಹಾಗೇ ಬಿಟ್ಟಿದ್ದೇನೆ. ಅಮ್ಮ ಬಾಗಿಲಲ್ಲಿ ನಿಂತು, "ಯಾರನ್ನೇ ಹೊಡೀತಿದೀಯಾ ಒಳಗೆ?" ಎಂದಳು.

"ಯಾರನ್ನೂ ಇಲ್ಲ. ಹೋಗಮ್ಮ."

ಮಾರ್ಚ್ 22, ಶುಕ್ರವಾರ

ಸಂಜೆ ಮಾರುಕಟ್ಟೆಯಲ್ಲಿ ಸ್ಪಾಸ್. ಉಪ್ಪಿನಕಾಯಿ ಅಂಗಡಿಯ ಮುಂದೆ, ನನ್ನ ಹಿಂದೆಯೇ ಸಾಲಿನಲ್ಲಿ. ಕಿವಿಯ ಮೇಲೆ ಗಾಯದ ಹಕ್ಕಳೆ. ವೆಲ್ಡಿಂಗ್ ವಾಸನೆ.

"ಏನಮ್ಮಾ ಟೈಪಿಸ್ಟು, ನಮ್ಮವ್ವನ ಬಾಯಲ್ಲಿ ಮಾತು ತುರುಕ್ತೀಯಂತೆ?"

ನಾನು ಚಿಲ್ಲರೆ ಎಣಿಸಿದೆ.

"ಕೈ ಸರಿ ಇಲ್ವಾ? ಸರಿ ಮಾಡ್ಲಾ?" ನನ್ನ ಮಣಿಕಟ್ಟು ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ, ಕೊಳ್ಳುವ ಮೊದಲು ಮೂಲಂಗಿ ನೋಡುವ ಹಾಗೆ. ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದ. ಇನ್ನೂ ಸ್ವಲ್ಪ. ಅಂಗಡಿಯವಳು ಎಲೆಕೋಸು ತೂಗುತ್ತಲೇ ಇದ್ದಳು. "ಚಿಕ್ಕ ಕೈ. ನೆಟ್ಟಗೆ ಬರಿ," ಎಂದು ಬಿಟ್ಟ.

ಕಿರುಬೆರಳು ಊದಿದೆ. ಬಲಗೈಯದು. ಅದರ ಪಾಲಿನ ಅಕ್ಷರಗಳನ್ನು ಉಂಗುರ ಬೆರಳಿಗೆ ಕಲಿಸಬೇಕು.

ಬಕಾಲೊವಾಗೆ ಹೇಳಬೇಕಿತ್ತೇನೋ. ಹೇಳಿದರೆ ಎರಡನೇ ಹಾಲ್‌ನಿಂದ ನನ್ನನ್ನು ತೆಗೆಯುತ್ತಾರೆ. ಕಲಿಯಲಾರದೆ ಓಡಿದಳು ಎನ್ನುತ್ತಾರೆ.

ಏಪ್ರಿಲ್ 2, ಮಂಗಳವಾರ

ಪೆನ್ಕಾ ಅಕ್ಕ ಗಡಿಯಾರ ಹಿಡಿದರು. ನಿಮಿಷಕ್ಕೆ ನಲವತ್ತೊಂದು ಪದ. ಟಚ್‌ಪ್ಯಾಡ್ ಈಗ ಕಾಟ ಕೊಡುವುದಿಲ್ಲ. ಮಣಿಕಟ್ಟು ಎತ್ತಿ ಹಿಡಿಯುವುದು ಅಭ್ಯಾಸವಾಗಿದೆ, ಪಿಯಾನೋದವರ ಹಾಗೆ.

"ಕಣ್ಣು?"

"ಪರದೆ ಮೇಲೆ."

"ಭೇಷ್. ಹಾಲ್‌ನಲ್ಲಿ ಯಾರ ಮುಖಾನೂ ನೋಡ್ಬೇಡ. ಮುಖ ನೋಡಿದ್ರೆ ಕೈ ನಿಲ್ಲುತ್ತೆ. ನಾನು ಮೂವತ್ತು ವರ್ಷದಿಂದ ಯಾರನ್ನೂ ನೋಡಿಲ್ಲ, ಅದಕ್ಕೇ ನಿದ್ದೆ ಬರುತ್ತೆ."

ಒಳ್ಳೆಯ ಸಲಹೆ. ಸ್ಪಾಸ್‌ನನ್ನೂ ನೋಡಬೇಕಾಗಿಲ್ಲ.

ಏಪ್ರಿಲ್ 9, ಮಂಗಳವಾರ

ನಿಮಿಷಕ್ಕೆ ಐವತ್ತೆಂಟು. ಇವತ್ತು ಒಂದು ಅತ್ಯಾಚಾರದ ಕೇಸು, ಒಂದು ದರೋಡೆ. ದರೋಡೆಯಲ್ಲಿ ಮುದುಕನ ಕಾಲಿನ ಮೇಲೆ ಗ್ಯಾಸ್ ಸಿಲಿಂಡರ್ ಎತ್ತಿ ಹಾಕಿದ್ದರು. ಎರಡರಲ್ಲೂ ಒಂದು ತಪ್ಪಿಲ್ಲ.

ಏಪ್ರಿಲ್ 16, ಮಂಗಳವಾರ

ಒಳ್ಳೆಯ ದಿನ. ಸ್ಪಾಸ್ ಬೆಂಚಿನಲ್ಲಿದ್ದನಂತೆ. ನಾನು ಪರದೆ ಬಿಟ್ಟು ಕಣ್ಣು ಎತ್ತಲಿಲ್ಲ.

ಮಿಲ್ಕಾಳನ್ನು ಕರೆದರು. ಹೆಜ್ಜೆಯ ಸದ್ದು ಬಂತು. ಬಕಾಲೊವಾ ಅದೇ ಮಾತು ಹೇಳಿದರು, ಹೇಳಲೇಬೇಕೆಂದಿಲ್ಲ, ಬೇಡವೆಂದರೆ ಬೇಡ. ಉಕ್ತಲೇಖನ ಕೊಟ್ಟರು. ಅವರ ಕೊನೆಯ ಪದ ಮುಗಿಯುವುದಕ್ಕೂ ನನ್ನ ಕೊನೆಯ ಕೀಲಿ ಬೀಳುವುದಕ್ಕೂ ಒಂದೇ ಹೊತ್ತು.

"ಬರೆ—" ಎಂದು ಶುರು ಮಾಡಿದವರು ಕೇಳದೆ ಮುಂದೆ ಹೋದರು. "ಸಾಕ್ಷಿ ಹೇಳ್ತೀರಾ?"

ಮಿಲ್ಕಾ ಏನೋ ಹೇಳಲು ಹೊರಟಳು. ಸ್ಪಾಸ್ ಕೆಮ್ಮಿದ.

"ಇಲ್ಲ," ಎಂದಳು.

"ಇಲ್ಲ ಅಂದ್ರೆ?"

"ಹೇಳಲ್ಲ."

"ಸಾಕ್ಷಿಯು ನಿರಾಕರಿಸಿದರು," ಎಂದರು ಬಕಾಲೊವಾ. ಅವರು ಹೇಳುವ ಮೊದಲೇ ನನ್ನ ಪರದೆಯ ಮೇಲೆ ಅದು ಇತ್ತು. ಐದು ಸೆಕೆಂಡೂ ಅಲ್ಲ.

ಯೋರ್ದಾನ್ಕಾ ಮೆಟ್ಟಿಲ ಕಥೆ ಹೇಳಿದಳು. ಸರ್ಕಾರಿ ವಕೀಲರ ಬಳಿ ಉಳಿದದ್ದು ವೈದ್ಯರ ಕಾಗದ. ದವಡೆ ಮುರಿದದ್ದು ಅದರಲ್ಲಿದೆ, ಮುರಿದವರು ಯಾರೆಂಬುದು ಇಲ್ಲ. ಹನ್ನೆರಡೂವರೆಗೆ ಖುಲಾಸೆ. ಮಿಲ್ಕಾಳ ಅಕ್ಕ ಬಾಗಿಲ ಬಳಿ ಜೋರಾಗಿ ಏನೋ ಕೂಗಿದಳಂತೆ. ಅದು ಉಕ್ತಲೇಖನದಲ್ಲಿರಲಿಲ್ಲ.

ಹೋಗುವಾಗ ಬಕಾಲೊವಾ, "ಚೆನ್ನಾಗಿ ಬರೆದಿದ್ದೀರಿ ನೆವೆನಾ, ಒಂದು ಅಕ್ಷರ ತಿದ್ದೋ ಹಾಗಿಲ್ಲ," ಎಂದರು. ಧ್ವನಿಯಲ್ಲಿ ಸುಸ್ತಿತ್ತು. ನಾನು ಹಿಂದಿರುಗಿಸಿದ ಸ್ಕೇಲನ್ನು ಪೆನ್ಕಾ ಅಕ್ಕ ನನಗೇ ಉಡುಗೊರೆಯಾಗಿ ಕೊಟ್ಟರು, ರಿಬ್ಬನ್ ಕಟ್ಟಿ.

ಏಪ್ರಿಲ್ 17, ಬುಧವಾರ

ಮಿಲ್ಕಾ ಅವನ ಜೊತೆಯಲ್ಲೇ ಮನೆಗೆ ಹೋದಳಂತೆ. ಮಾರುಕಟ್ಟೆಯ ಎಲೆಕೋಸಿನವಳು ಹೇಳಿದಳು. "ಅವನೇ ಚೀಲ ಹೊತ್ಕೊಂಡು ಹೋಗ್ತಿದ್ದ, ಪಾಪ," ಎಂದಳು.

ಅಭ್ಯಾಸಕ್ಕೆ ಇನ್ನು ಇದು ಬೇಕಾಗಿಲ್ಲ. ನಿಲ್ಲಿಸಬಹುದು.

ಮೇ 8, ಬುಧವಾರ

ಯಾಕೆ ತೆರೆದೆನೋ. ಬೆರಳಿಗೆ ಕೆಲಸ ಬೇಕೆನಿಸಿತು.

ಈಸ್ಟರ್ ರಜೆ ಮುಗಿದು ಮೊದಲ ದಿನ. ಬೆಳಿಗ್ಗೆ ಸ್ಪಾಸ್ ಗಾನೆವ್‌ನನ್ನು ಕೈಕೋಳದಲ್ಲಿ ತಂದರು, ಬಂಧನದಲ್ಲಿಡಬೇಕೋ ಬೇಡವೋ ಎಂಬ ವಿಚಾರಣೆ. ಹಬ್ಬದ ಊಟದ ಹೊತ್ತಿಗೆ ನಡೆದದ್ದು. ಮಿಲ್ಕಾ ಆಸ್ಪತ್ರೆಯಲ್ಲಿದ್ದಾಳೆ. ಬಕಾಲೊವಾ ವೈದ್ಯರ ವರದಿಯನ್ನು ಉಕ್ತಲೇಖನ ಕೊಟ್ಟರು. ಮೊದಲು ಮುಷ್ಟಿ. ಆಮೇಲೆ ಮೇಜಿನ ಮೇಲಿದ್ದ, ಕುರಿಮಾಂಸ ಕೊಯ್ಯುವಾಗ ಚುಚ್ಚಿ ಹಿಡಿಯುವ ಫೋರ್ಕಿನ ಹಿಡಿ. ಆಮೇಲೆ ಅದರ ಇನ್ನೊಂದು ತುದಿ. ಎಡಗಣ್ಣು, ಉಳಿಸಲಾಗಲಿಲ್ಲ. ಹೊಡೆದ, ಹೊಡೆದ, ಹೊಡೆದ. ಎಡ, ಬಲ, ಎಡ, ಬಲ, ಎಡ.

ಒಂದು ಕಡೆ ಬಕಾಲೊವಾ ವಾಕ್ಯದ ಮಧ್ಯೆ ನಿಂತರು. ನಾನು ಕೀಲಿಗಳ ಮೇಲೆ ಬೆರಳಿಟ್ಟು ಕಾದೆ.

"ನಿಮಗೆ ಹೊತ್ತು ಬೇಕಾ?" ಎಂದು ಕೇಳಿದರು.

"ಬೇಡ ಮೇಡಂ. ಬರೆದಾಯ್ತು."

ಆಮೇಲೆ ಅವರ ಕೋಣೆಗೆ ಸಹಿಗೆ ಒಯ್ದೆ. ಪೆನ್ನು ಹಿಡಿದು ತುಂಬ ಹೊತ್ತು ಸಹಿ ಮಾಡದೆ ಕೂತಿದ್ದರು. "ಮೊದಲ ಸಲ ಅವಳು ಹೇಳಿದ್ಲು," ಎಂದರು. "ಅವತ್ತು ಏನು ಬೇರೆ ಇತ್ತು ನೆವೆನಾ? ಅದೇ ಹಾಲ್, ಅದೇ ಗಂಡ, ನಾನು ಕೇಳಿದ್ದೂ ಅದೇ."

"ಗೊತ್ತಿಲ್ಲ ಮೇಡಂ. ಅವತ್ತು ನನ್ನ ಮೆಷಿನ್ ಹೊಸದಿತ್ತು."

ಅವರು ನನ್ನನ್ನೇ ನೋಡಿದರು. ಸಹಿ ಹಾಕಿ ಕೊಟ್ಟರು.

ಎರಡು ಪುಟ, ಎಂಟು ನಿಮಿಷ, ಒಂದೂ ತಪ್ಪಿಲ್ಲ. ಆಸ್ಪತ್ರೆಯ ನಮೂನೆಯಲ್ಲಿ ಒಂದು ಖಾನೆ ಖಾಲಿ ಇತ್ತು. ಉಳಿದ ಕಣ್ಣಿನ ಬಣ್ಣ, ಗಾಜಿನ ಕಣ್ಣಿಗೆ ಬೇಕಂತೆ, ಅವಳ ಅಕ್ಕ ಸಿಗುತ್ತಿಲ್ಲವಂತೆ, ಯಾರಿಗಾದರೂ ಗೊತ್ತಾ ಎಂದು ಆಸ್ಪತ್ರೆಯ ಕಚೇರಿಯಿಂದ ಫೋನ್ ಮಾಡಿದ್ದರು. ಆ ಕಣ್ಣೂ ಊದಿ ಮುಚ್ಚಿಕೊಂಡಿದೆ, ಇನ್ನೂ ತೆರೆಯಲು ಬಂದಿಲ್ಲವಂತೆ. ಏಪ್ರಿಲ್ ಹದಿನಾರರಂದು ಅವಳು ನನ್ನಿಂದ ಮೂರು ಮೀಟರ್ ದೂರದಲ್ಲಿ ನಿಂತಿದ್ದಳು. ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದೆ. ಬಿಳಿ ಪರದೆ ಬಂತು, ಅದರ ಮೇಲೆ ಅವಳ ಹೆಸರು, ಸರಿಯಾಗಿ ಬರೆದದ್ದು.